ಬಾಗಿಲ ಕೆರೆಯ ಮುಚ್ಚದ ಕದ

ಕೊರಡಿಹಾಳದಲ್ಲಿ ಬಸ್ಸಿಳಿದು ಎರೆ ಹೊಲಗಳ ನಡುವಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಕೆರೆಯ ಏರಿ ಕಾಣುತ್ತದೆ. ಏರಿಯ ಮೇಲೆ, ತೂಬಿನ ಕಲ್ಲುಕಂಬಗಳ ಪಕ್ಕದಲ್ಲಿ, ಒಂದು ಬಾಗಿಲು ನಿಂತಿದೆ. ಅದಕ್ಕೆ ಮನೆಯಿಲ್ಲ, ಗೋಡೆಯಿಲ್ಲ, ಮೇಲೆ ಮಾಡೂ ಇಲ್ಲ. ಚೌಕಟ್ಟು, ಹೊಸ್ತಿಲು, ಒಂದು ಒಂಟಿ ಕದ, ಅಷ್ಟೆ. ಪರವೂರಿನಿಂದ ಬಂದವರು ಮೊದಲು ಅದರ ಸುತ್ತ ಒಮ್ಮೆ ಸುತ್ತಿ ಬರುತ್ತಾರೆ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕದವನ್ನು ತಳ್ಳಿ ಮುಚ್ಚಲು ನೋಡುತ್ತಾರೆ. ಅದು ಮುಚ್ಚುವುದಿಲ್ಲ. ಎಷ್ಟು ಬಲ ಹಾಕಿದರೂ ಅಂಗೈ ತೂರುವಷ್ಟು ಸಂದಿ ಉಳಿದೇ ಉಳಿಯುತ್ತದೆ. ಏರಿಯ ಬೇವಿನ ನೆರಳಲ್ಲಿ ಕೂತ ನಮ್ಮೂರ ಮುದುಕರಿಗೆ ಇದನ್ನು ನೋಡಿ ನಗುವುದೇ ಒಂದು ಕೆಲಸ. ಆಗಸ್ಟ್ ಹದಿನೈದರಂದು ಶಾಲೆಯ ಮಕ್ಕಳು ಬಾವುಟ ಹಿಡಿದು ಮೊದಲು ಈ ಬಾಗಿಲನ್ನು ದಾಟಿ, ಆಮೇಲೆ ಪಕ್ಕದ ಕಂಬದ ಬಳಿ ಸಾಲಾಗಿ ನಿಲ್ಲುತ್ತಾರೆ. ಮೊಹರಮ್ಮಿಗೆ ಹೊರುವ ಹಸ್ತದಾಕಾರದ ಪಂಜಾ ಇದರೊಳಗೇ ಹಾದುಬರಬೇಕು. ಚೌತಿಯ ಗಣಪ ನೀರಿಗೆ ಹೋಗುವುದೂ ಇದೇ ದಾರಿಯಲ್ಲಿ; ಮೂರ್ತಿ ದೊಡ್ಡದಾದ ವರ್ಷ ಅವನನ್ನು ಓರೆ ಮಾಡಿಯಾದರೂ ದಾಟಿಸುತ್ತಾರೆ, ಸುತ್ತಿ ಒಯ್ಯುವುದಿಲ್ಲ. ಊರ ಹೆಬ್ಬಾಗಿಲಿನ ಬಳಿ ಇದ್ದದ್ದರಿಂದ ಈ ಕೆರೆಗೆ ಬಾಗಿಲ ಕೆರೆ ಎಂದು ಹೆಸರಾಯಿತೆಂದು ಒಬ್ಬರು ಎಲ್ಲಿಯೋ ಬರೆದಿದ್ದಾರಂತೆ. ಕೊರಡಿಹಾಳಕ್ಕೆ ಎಂದೂ ಹೆಬ್ಬಾಗಿಲು ಇರಲಿಲ್ಲ. ಬರೆದವರು ಊರಿಗೆ ಬಂದಿರಲಿಕ್ಕಿಲ್ಲ.

ಹಿಂದೆ ಒಮ್ಮೆ, ದೇಸಾಯರ ದೇಸಗತಿಯ ಕಾಲದಲ್ಲಿ, ಈ ಕೆರೆಗೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಊರಿಗೆ ಇದ್ದದ್ದು ಒಂದೇ ಕೆರೆ, ಹೀಗಾಗಿ ಕೆರೆ ಎಂದರೆ ಸಾಕಿತ್ತು. ಓಣಿಗಳು ಮಾತ್ರ ನಾಲ್ಕಿದ್ದವು. ಗೌಡರ ಓಣಿ, ಹಟಗಾರರ ಓಣಿ, ಕುರುಬರ ಓಣಿ, ಪಿಂಜಾರರ ಓಣಿ. ನಾಲ್ಕು ಓಣಿಯವರೂ ಕುಡಿಯುತ್ತಿದ್ದದ್ದು ಒಂದೇ ನೀರು, ಆದರೆ ಹಬ್ಬ ಮಾಡುತ್ತಿದ್ದದ್ದು ಬೇರೆ ಬೇರೆ. ಹೋಳಿ ಹುಣ್ಣಿಮೆ ಬಂತೆಂದರೆ ನಾಲ್ಕು ಕಡೆ ನಾಲ್ಕು ಕಾಮಣ್ಣರು. ಯಾರ ಕಾಮಣ್ಣ ಎತ್ತರ ಉರಿದ ಎಂಬುದೇ ಮುಂದಿನ ಹೋಳಿಯವರೆಗೆ ಬೀಗಲು ಸಾಕಾಗುವ ವಿಷಯ. ಕಾಮಣ್ಣನಿಗೆ ಕಟ್ಟಿಗೆಯನ್ನು ಕದ್ದೇ ತರಬೇಕೆಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಕುಳ್ಳು, ಮುರಿದ ಕುಂಟೆ, ಹಳೆಯ ಹೊರಸು, ಅಂಗಳದಲ್ಲಿ ಮರೆತ ಒನಕೆ, ಏನಾದರೂ ಆದೀತು. ಮನೆಯೊಳಗಿನದನ್ನು ಮುಟ್ಟುವಂತಿಲ್ಲ, ಹೊರಗಿಟ್ಟ ಕಟ್ಟಿಗೆ ಕಾಮಣ್ಣನದು. ಕಳಕೊಂಡವರು ಬೈಯಬಹುದು, ಎದೆ ಬಡಿದುಕೊಳ್ಳಬಹುದು, ಆದರೆ ಮರಳಿ ಕೇಳುವಂತಿಲ್ಲ. ಹೀಗಾಗಿ ಹುಣ್ಣಿಮೆಯ ಹಿಂದಿನ ದಿನ ಜಾಣ ಹೆಂಗಸರು ಒಲೆಯ ಊದುಗೊಳವೆಯನ್ನು ಸಹ ಒಳಗಿಟ್ಟು ಅಗಳಿ ಹಾಕುತ್ತಿದ್ದರು.

ಆ ಕಾಲಕ್ಕೆ ಮೌನಪ್ಪ ಎಂಬ ಬಡಿಗ ತನ್ನ ಹೆಂಡತಿ ಕಾಳವ್ವನೊಡನೆ ಕೊರಡಿಹಾಳಕ್ಕೆ ಬಂದು ನೆಲೆಸಿದ್ದ. ಅವನು ಕೃಷ್ಣೆಯ ಆಚೆಯವನಂತೆ. ಬಂಡಿಯೊಳಗೆ ಉಳಿ ಬಾಚಿ ಹೇರಿಕೊಂಡು ಊರೂರು ತಿರುಗಿ, ಕೆಲಸ ಇದ್ದಲ್ಲಿ ಇದ್ದು, ಮುಗಿದ ಮೇಲೆ ಎದ್ದು ನಡೆದ ಜೀವ. ಕಾಳವ್ವನಿಗೆ ಈ ಅಲೆದಾಟ ಸಾಕಾಗಿತ್ತು. ಕೊರಡಿಹಾಳದವರು ಕೆರೆಯ ಏರಿಯ ಮಗ್ಗುಲಲ್ಲಿ ಒಂದು ಗುಡಿಸಲಿನಷ್ಟು ಜಾಗ ಕೊಟ್ಟಾಗ ಆಕೆ ಗಂಡನಿಂದ ಮೊದಲು ಮಾಡಿಸಿಕೊಂಡದ್ದು ಒಂದು ಬಾಗಿಲು. ಗೋಡೆ ಮಣ್ಣಿನದು, ಮಾಡು ಹುಲ್ಲಿನದು, ಬಾಗಿಲು ಮಾತ್ರ ಗಟ್ಟಿ ಸಾಗವಾನಿಯದು, ನಡುವೆ ಅರಳಿದ ತಾವರೆ. ಬಾಗಿಲಿದ್ದರೆ ಮನೆ, ಇಲ್ಲದಿದ್ದರೆ ಬಿಡಾರ ಎನ್ನುತ್ತಿದ್ದಳಂತೆ. ಆದರೂ ಅವರ ಮನೆ ನಾಲ್ಕು ಓಣಿಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಉಗಾದಿಗೆ ಬೇವು ಬೆಲ್ಲ ಬೀರುವಾಗ ಗೌಡರ ಓಣಿಯವರು ಅವರನ್ನು ಕುರುಬರ ಲೆಕ್ಕಕ್ಕೆ ಬಿಟ್ಟರು, ಕುರುಬರು ಹಟಗಾರರ ಲೆಕ್ಕಕ್ಕೆ ಬಿಟ್ಟರು. ಯಾರೂ ಕೆಟ್ಟವರಲ್ಲ. ಅವರಿಗೊಂದು ಓಣಿಯಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ಆ ಗಂಡ ಹೆಂಡಿರ ಮನಸ್ಸಿನಲ್ಲಿ ಈ ಊರು ನಮ್ಮದಾದೀತೇ ಎಂಬ ಒಂದೇ ಪ್ರಶ್ನೆ ಇತ್ತು.

ಅದಕ್ಕೆ ಉತ್ತರವೆಂಬಂತೆ ಊರಿನವರು ಮೌನಪ್ಪನ ಕೈಗೆ ವೀಳ್ಯ ಕೊಟ್ಟು ತೂಬಿನ ಕೆಲಸ ಒಪ್ಪಿಸಿದರು. ಏರಿಯ ಹೊಟ್ಟೆಯಲ್ಲಿ ನೀರು ಬಿಡುವ ಬಾಯಿಗೆ ಅಡ್ಡವಾಗಿದ್ದ ಮರದ ಹಲಗೆಗಳು ಕೊಳೆತಿದ್ದವು. ಮೌನಪ್ಪ ಅವನ್ನು ಕಿತ್ತು, ಅಲ್ಲಿಗೆ ಮಣ್ಣು ಹುಲ್ಲು ಕಲಸಿ ಒಂದು ತಾತ್ಕಾಲಿಕ ಒಡ್ಡು ಹಾಕಿದ. ಹೊಸ ಹಲಗೆ ಕೊಯ್ದು, ಎಣ್ಣೆ ಕುಡಿಸಿ, ಏರಿಯ ಮೇಲೆ ಒಣಗಲು ಹರವಿದ. ಹಲಗೆ ಬಿಗಿಯಲು ಕಬ್ಬಿಣದ ಪಟ್ಟಿ ಬೇಕಾಗಿತ್ತು. ಅದನ್ನು ತರಲು ಗಂಡ ಹೆಂಡತಿ ಬಂಡಿ ಕಟ್ಟಿಕೊಂಡು ಸಂತೆಗೆ ಹೋದರು. ಮರುದಿನ ಹೋಳಿ ಹುಣ್ಣಿಮೆ. ಅವನ ಸೀಮೆಯಲ್ಲಿ ಕಟ್ಟಿಗೆ ಕದಿಯುವ ಪದ್ಧತಿ ಇರಲಿಲ್ಲ, ನಮ್ಮವರಲ್ಲಿ ಒಬ್ಬರೂ ಹೇಳಲಿಲ್ಲ. ಪಕ್ಕದ ಓಣಿಯವರು ಹೇಳಿದ್ದಾರು ಎಂದು ಪ್ರತಿ ಓಣಿಯೂ ಅಂದುಕೊಂಡಿತು.

ಸಂತೆಯಿಂದ ಅವರು ಮರಳಿದಾಗ ಹುಣ್ಣಿಮೆ ಕಳೆದು ಬೆಳಗಾಗಿತ್ತು. ಏರಿಯ ಮೇಲೆ ಒಂದೂ ಹಲಗೆ ಇಲ್ಲ. ಊರ ನಡುವಿನ ಚಾವಡಿಯಲ್ಲಿ ಬಣ್ಣದಾಟ ರಂಗೇರಿತ್ತು. ಮೌನಪ್ಪ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತವನು ಹಾಗೆಯೇ ಬಂದು, ಗೌಡ ಚೆನ್ನವೀರಗೌಡನ ಮುಂದೆ ನಿಂತು ಕೇಳಿದ.

"ಹಲಗಿ ಎಲ್ಲಿ ಅದಾವ್ರಿ ಗೌಡ್ರ?"

ಕಾಮಣ್ಣನಿಗೆ ಹೋದದ್ದನ್ನು ಕೇಳುವ ಹುಂಬನೊಬ್ಬ ಸಿಕ್ಕನಲ್ಲ ಎಂದು ಜನ ಹೋ ಎಂದರು. ಯಾವ ಹಲಗೆಯೋ ಎಂದು ಯಾರೋ ಚೇಷ್ಟೆಗೆ ಕೇಳಿದರು. ತೂಬಿನ ಹಲಗೆ ಎಂದ ಮೌನಪ್ಪ. ಅಲ್ಲಿಗೆ ನಗು ನಿಂತಿತು. ಅವು ಹಟಗಾರರವು ಎಂದು ಕುರುಬರ ಹುಡುಗರು ಒಂದಿಷ್ಟು ಹೊತ್ತಿದ್ದರು. ಪಿಂಜಾರರವು ಎಂದು ಹಟಗಾರರು ಒಂದಿಷ್ಟು, ಗೌಡರವು ಎಂದು ಪಿಂಜಾರರು ಒಂದಿಷ್ಟು. ಗೌಡರ ಓಣಿಯವರು ಯಾರವೆಂದು ಯೋಚಿಸುವ ಗೊಡವೆಗೂ ಹೋಗದೆ ಉಳಿದದ್ದನ್ನೆಲ್ಲ ಬಾಚಿದ್ದರು. ನಾಲ್ಕೂ ಕಾಮಣ್ಣರು ಆ ವರ್ಷ ಒಂದೇ ಎತ್ತರಕ್ಕೆ ಉರಿದಿದ್ದರು. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ ಎಂಬ ಮಾತನ್ನು ನಮ್ಮ ಜನ ಸಲೀಸಾಗಿ ಆಡುತ್ತಾರೆ. ಆ ದಿನ ಅದರ ಬೂದಿ ನಾಲ್ಕು ಕಡೆ ಬಿದ್ದಿತ್ತು.

ತಪ್ಪು ಎಲ್ಲರದ್ದಾದಾಗ ಹೊರಗಿನವನೊಬ್ಬ ಬೇಕಾಗುತ್ತಾನೆ. ಗೌಡನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ನಾಚಿಕೆಯಾದ ದೊಡ್ಡವರು ಕೂಗುವುದೇ ಹೆಚ್ಚು. "ಕಾಯೋದು ಬಿಟ್ಟು ಸಂತಿಗೆ ಯಾಕ ಹೋದಿ? ಊರ ನೀರು ನಿನ್ನ ಕೈಯಾಗ ಕೊಟ್ಟಿದ್ವಿ" ಎಂದು ಗದರಿದ. "ನನಗ ಯಾರೂ ಹೇಳಲಿಲ್ರಿ" ಎಂದಷ್ಟೇ ಹೇಳಿ ಮೌನಪ್ಪ ತಿರುಗಿದ. ಅಷ್ಟರಲ್ಲಿ ಕೆರೆಯ ಕಡೆಯಿಂದ ದನ ಕಾಯುವವರು ಓಡಿಬಂದು, ಮಣ್ಣಿನ ಒಡ್ಡು ಜಿನುಗುತ್ತಿದೆ ಎಂದರು. ಒಡ್ಡು ಒಡೆದರೆ ಮಳೆಗಾಲದವರೆಗೆ ಊರಿಗೆ, ದನಕರುಗಳಿಗೆ ಆಗಬೇಕಾದ ನೀರು ಸಂಜೆಯೊಳಗೆ ಹಳ್ಳದ ಪಾಲು. ಹೊಸ ಮರ ತರಿಸುವುದೆಂದರೆ ದೂರದ ಕಾಡಿಗೆ ಬಂಡಿ ಹೋಗಬೇಕು, ಬರಬೇಕು, ಕೊಯ್ಯಬೇಕು. ಬಣ್ಣ ಬಳಿದುಕೊಂಡ ಮುಖಗಳೆಲ್ಲ ಏರಿಯ ಕಡೆ ಓಡಿದವು. ಒದ್ದೆ ಮಣ್ಣನ್ನು ಕೈಯಿಂದ ಒತ್ತುವುದು ಬಿಟ್ಟರೆ ಯಾರಿಗೂ ಏನೂ ತೋಚಲಿಲ್ಲ.

ಮೌನಪ್ಪ ಮನೆಯ ಮುಂದೆ ಬಂಡಿಗೆ ಸಾಮಾನು ಹೇರತೊಡಗಿದ್ದ. ಉಳಿ, ಬಾಚಿ, ಗರಗಸ ಏರಿದವು. ಹೀಗೆ ಎದ್ದು ನಡೆಯುವುದು ಅವನಿಗೆ ಹೊಸದಲ್ಲ. ಹಿಂದಿರುಗಿ ನೋಡಿದರೆ ಕಾಳವ್ವ ಪಾತ್ರೆ ಪಗಡೆ ಕಟ್ಟುತ್ತಿಲ್ಲ. ಬಾಗಿಲಿನ ಕದವನ್ನು ಭುಜಕ್ಕೆ ಆನಿಸಿಕೊಂಡು ಚೌಕಟ್ಟಿನಿಂದ ಎತ್ತುತ್ತಿದ್ದಾಳೆ. ಅದನ್ನೂ ಒಯ್ಯಬೇಕೆನ್ನುತ್ತಾಳೆ ಎಂದು ತಿಳಿದ ಗಂಡ, ಅದು ಭಾರ, ಎತ್ತುಗಳು ಎಳೆಯಲಾರವು ಎಂದ. ಕಾಳವ್ವ ಕದವನ್ನು ನೆಲಕ್ಕಿಳಿಸಿ ತಾವರೆಯ ಮೇಲೆ ಒಮ್ಮೆ ಕೈಯಾಡಿಸಿದಳು.

"ಬಾಗಲಾ ಇಲ್ಲದ ಕಡೆ ನಾ ಬಾಳೇ ಮಾಡೇನಿ. ನೀರು ಇಲ್ಲದ ಊರಾಗ ಯಾರು ಬಾಳೇ ಮಾಡ್ತಾರ? ಹಿಡೀರಿ ಆ ಕಡೆ" ಎಂದಳು.

ಇಬ್ಬರೂ ಕದ ಹೊತ್ತು ಏರಿ ಹತ್ತಿದ್ದನ್ನು ಊರೆಲ್ಲ ನೋಡಿತು. ಮೌನಪ್ಪ ಯಾರ ಮುಖವನ್ನೂ ನೋಡದೆ ತೂಬಿಗಿಳಿದು, ತಾವರೆ ನೀರಿನ ಕಡೆ ಬರುವಂತೆ ಕದವನ್ನು ಅಡ್ಡ ನಿಲ್ಲಿಸಿದ. ಅದೊಂದೇ ಸಾಲದಾಗಿತ್ತು. ಆದರೆ ಅದನ್ನು ಕಂಡ ಮೇಲೆ ಸುಮ್ಮನೆ ನಿಲ್ಲುವ ಧೈರ್ಯ ಯಾರಿಗಿದ್ದೀತು? ಮೊದಲು ಎದ್ದವಳು ಪಿಂಜಾರರ ಓಣಿಯ ಮುದುಕಿ ಇಮಾಂಬಿ. ಮಕ್ಕಳ ಕೈಲಿ ತನ್ನ ಮನೆಯ ಕದ ಕೀಳಿಸಿ ತರಿಸಿದಳು. ಆಮೇಲೆ ಹಟಗಾರರು, ಕುರುಬರು, ಒಂದರ ಹಿಂದೊಂದು ಕದಗಳು ತಲೆಗಳ ಮೇಲೆ ಏರಿಯ ಕಡೆ ಬಂದವು. ಎರಡು ದಿನದ ಹಿಂದೆ ಯಾವ ಮನೆಗಳ ಅಂಗಳದಿಂದ ಕಟ್ಟಿಗೆ ಕದ್ದಿದ್ದರೋ ಅದೇ ಮನೆಗಳ ಕದ ಹೊರಲು ಅದೇ ಹುಡುಗರು ಹೆಗಲು ಕೊಟ್ಟರು. ಮೌನಪ್ಪ ಕೊಯ್ದ, ಜೋಡಿಸಿದ, ಕಬ್ಬಿಣದ ಪಟ್ಟಿ ಬಿಗಿದ. ಕೊನೆಗೆ ಎಲ್ಲಕ್ಕಿಂತ ಕೆಳಗೆ, ನೀರಿನ ಒತ್ತಡ ಹೆಚ್ಚಾಗಿರುವಲ್ಲಿ, ಒಂದು ದಪ್ಪ ಹಲಗೆ ಬೇಕಾಯಿತು. ಅಷ್ಟು ದಪ್ಪದ್ದು ಊರಿನಲ್ಲಿದ್ದದ್ದು ಒಂದೇ, ಗೌಡರ ದೊಡ್ಡ ಮನೆಯ, ಅಂದರೆ ವಾಡೆಯ ಕದ. ವಾಡೆಗೆ ಬಾಗಿಲಿಲ್ಲದಿದ್ದರೆ ಗೌಡಿಕೆಗೆ ಏನುಳಿಯಿತು ಎಂದು ಚೆನ್ನವೀರಗೌಡ ಮೀಸೆ ಸವರುತ್ತ ನಿಂತ.

ಇಮಾಂಬಿ ಕೇಳಿಯೇಬಿಟ್ಟಳು: "ಯಪ್ಪಾ ಗೌಡ, ನಾ ಈ ಊರಿಗೆ ಸೊಸಿಯಾಗಿ ಬಂದಾಗಿಂದ ನಿಮ್ಮ ವಾಡೇದ ಬಾಗಲಾ ನೋಡೇ ನೋಡೇನಿ. ಒಳಗ ಏನೈತಿ ಅಂತ ಒಮ್ಮೆಯೂ ಕಂಡಿಲ್ಲ. ಸಾಯೂದ್ರೊಳಗ ನೋಡೂಣು ತಗೀ."

ಏರಿಯ ಮೇಲಿದ್ದವರೆಲ್ಲ ನಕ್ಕರು. ಗೌಡನೂ ನಗದೆ ಇರಲಾಗಲಿಲ್ಲ. ಕದ ಬಂತು, ಕೂತಿತು, ಜಿನುಗು ನಿಂತಿತು. ಬಣ್ಣವೂ ಕೆಸರೂ ಒಂದಾಗಿ ಯಾರು ಯಾವ ಓಣಿಯವರೆಂದು ಗುರುತು ಹತ್ತದಂತಾಗಿತ್ತು. ಗೌಡ ಏರಿ ಇಳಿದು ಹೋಗಿ, ಮೌನಪ್ಪನ ಬಂಡಿಯಿಂದ ಬಾಚಿ ಉಳಿಗಳನ್ನು ತಾನೇ ಇಳಿಸಿ ಒಳಗಿಟ್ಟು ಬಂದ.

ಆ ವರ್ಷವೆಲ್ಲ ಕೊರಡಿಹಾಳದಲ್ಲಿ ಬಾಗಿಲುಗಳಿರಲಿಲ್ಲ. ನಾಯಿಗಳಿಗೆ ಸುಗ್ಗಿ, ಗಂಡ ಹೆಂಡಿರ ಜಗಳಗಳಿಗೆ ತೀರ್ಪು ಕೊಡಲು ಬೀದಿಯ ತುಂಬ ಪಂಚರು. ಕಳ್ಳತನವಾಯಿತೆಂದು ಮಾತ್ರ ಯಾರೂ ಹೇಳುವುದಿಲ್ಲ. ಉಗಾದಿಯ ಹೋಳಿಗೆಯ ವಾಸನೆ ಮೊದಲೂ ಓಣಿ ದಾಟುತ್ತಿತ್ತು, ಈಗ ಅದರ ಬೆನ್ನಿಗೆ ಮನುಷ್ಯರೂ ದಾಟಿದರು. ನಾಗರಪಂಚಮಿಯ ಉಂಡೆ ತಿನ್ನುತ್ತ ಮಕ್ಕಳು ಒಂದು ಮನೆ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದರು. ಮೊಹರಮ್ಮಿನ ಪಂಜಾ ಹೊತ್ತವರು ಯಾವ ಮನೆಯ ಮುಂದೂ ಕೂಗಿ ಕರೆಯಬೇಕಾಗಲಿಲ್ಲ. ಎಡೆಯ ಬಾನ ಹಿಡಿದ ಹೆಂಗಸರು ಹೊಸ್ತಿಲಲ್ಲೇ ನಿಂತಿದ್ದರು. ಮೌನಪ್ಪ ಒಂದೊಂದೇ ಮನೆಗೆ ಹೊಸ ಕದ ಮಾಡುತ್ತ ಬಂದ. ಪ್ರತಿ ಮನೆಯಲ್ಲೂ ಊಟ ಆ ಮನೆಯದೇ. ತನ್ನ ಮನೆಯ ಸರದಿಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ, ಅಷ್ಟರಲ್ಲಿ ಮರ ತೀರಿತು.

ಮತ್ತೆ ಹೋಳಿ ಬಂತು. ಆ ಸಲ ನಾಲ್ಕು ಓಣಿಯವರೂ ಕಟ್ಟಿಗೆಯನ್ನು ಒಂದೇ ಕಡೆಗೆ, ಏರಿಯ ಕೆಳಗಿನ ಬಯಲಿಗೆ ಹೊತ್ತರು. ಅದರ ಜೊತೆಗೆ ಬಟ್ಟೆ ಮುಚ್ಚಿದ ಒಂದು ಮರದ ವಸ್ತುವನ್ನು ಮೌನಪ್ಪನ ಮುಂದೆ ತಂದಿಟ್ಟರು. ಓಣಿಗೊಂದು ಹಲಗೆಯಂತೆ ಮಾಡಿ, ಅವನಿಗೆ ತಿಳಿಯದ ಹಾಗೆ ಜೋಡಿಸಿದ ಕದ ಅದು. ಬಡಿಗತನ ಅರಿಯದ ಕೈಗಳು. ಸಾಲದ್ದಕ್ಕೆ ಪ್ರತಿ ಓಣಿಯೂ ತನ್ನ ತನ್ನ ಹಿರಿಯನ ಗೇಣಿನಿಂದ ಅಳೆದಿತ್ತು. ಮೇಲೊಂದು ಕಡೆ ಉಬ್ಬು, ಕೆಳಗೊಂದು ಕಡೆ ಗಿಡ್ಡ. ತಾವರೆ ಕೆತ್ತಲು ಹೋದವರು ಕೆತ್ತಿದ್ದು ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಮೌನಪ್ಪ ಅದರ ಸುತ್ತ ಒಮ್ಮೆ ಸುತ್ತಿ ಬಂದ.

"ಇದನ್ನ ಸುಡಾಕ ತಂದೀರೇನ್ರಿ?" ಎಂದ.

ಬಯಲೆಲ್ಲ ನಕ್ಕಿತು. ಅವನ ಕಣ್ಣಲ್ಲಿ ನೀರಿತ್ತು. ಅಲ್ಲಿಂದ ಎದ್ದು ಹೋಗಿ, ಹಿತ್ತಲಲ್ಲಿ ನಿಂತಿದ್ದ ತನ್ನ ಬಂಡಿಯನ್ನು ಬಿಚ್ಚಿದ. ತನ್ನನ್ನು ಊರೂರು ತಿರುಗಿಸಿದ್ದ, ಎಂದಾದರೂ ಬೇಕಾದೀತೆಂದು ಇಟ್ಟುಕೊಂಡಿದ್ದ ಬಂಡಿಯ ಮರದಿಂದಲೇ ಕದಕ್ಕೆ ಹೊಸ ಚೌಕಟ್ಟು ಮಾಡಿ ನಿಲ್ಲಿಸಿದ. ಕದ ಏರಿಸಿದರೆ ಅದು ಮುಚ್ಚಲೊಲ್ಲದು. ಎರಡು ಸಲ ಉಜ್ಜುಗೊರಡು ಆಡಿಸಿದರೆ ಸರಿಹೋಗುತ್ತಿತ್ತು. ಅವನು ಉಜ್ಜುಗೊರಡಿಗೆ ಕೈಹಾಕಿದಾಗ ಕಾಳವ್ವ ತಡೆದಳು.

"ಇರಲಿ ಬಿಡ್ರಿ. ಇಷ್ಟು ಮಂದಿ ಕೂಡಿ ಮಾಡ್ಯಾರ. ಮುಚ್ಚಾಕ ಬಾರದಿದ್ರ ಬ್ಯಾಡ" ಎಂದಳು.

ಮೌನಪ್ಪನ ಮನೆ ಮಣ್ಣಿನದು, ಎಂದೋ ಮಣ್ಣಿಗೆ ಸೇರಿತು. ಬಾಗಿಲು ಉಳಿಯಿತು, ಊರವರು ಅದನ್ನು ಏರಿಯ ಮೇಲೆ ತಂದು ನಿಲ್ಲಿಸಿದರು, ಕೆರೆಗೆ ಅದರ ಹೆಸರಾಯಿತು. ಇಂದು ನಿಂತಿರುವುದು ಮೊದಲಿನ ಮರವೇ ಎಂದು ಹೇಳಿದರೆ ಸುಳ್ಳಾದೀತು. ಗೆದ್ದಲು ತಿಂದಾಗಲೆಲ್ಲ ನಮ್ಮ ಬಡಿಗೇರ ಮನೆತನದವರು ಹೊಸದು ಮಾಡಿ ನಿಲ್ಲಿಸುತ್ತಾರೆ. ಆ ಸೊಟ್ಟ, ಆ ಉಬ್ಬು, ಆ ಬದನೆಕಾಯಿ ಯಾವುದೂ ತಪ್ಪದಂತೆ ಮಾಡಲು ಅವರು ಪಡುವ ಪಾಡು ನೆಟ್ಟಗಿನ ಬಾಗಿಲು ಮಾಡುವವರಿಗೆ ತಿಳಿಯದು. ಊರಿಗೆ ಹೊಸದಾಗಿ ಬಂದವರು, ಶಾಲೆಯ ಮೇಷ್ಟ್ರಾಗಲಿ, ಬ್ಯಾಂಕಿನ ಗುಮಾಸ್ತೆಯಾಗಲಿ, ತಮ್ಮ ಮೊದಲ ಹಬ್ಬಕ್ಕೆ ಎಲ್ಲರಿಗಿಂತ ಮುಂದಾಗಿ ಈ ಬಾಗಿಲು ದಾಟುತ್ತಾರೆ. ನೀವು ಯಾವ ಓಣಿಯವರು ಎಂದು ಅವರನ್ನು ಮತ್ತೆ ಯಾರೂ ಕೇಳುವುದಿಲ್ಲ.

ಕಟ್ಟಿಗೆ ಕದಿಯುವುದನ್ನು ಮಾತ್ರ ನಮ್ಮ ಹುಡುಗರು ಬಿಟ್ಟಿಲ್ಲ. ಹೋಳಿ ಹುಣ್ಣಿಮೆಯ ಹಿಂದಿನ ದಿನ ಕುರ್ಚಿ, ಏಣಿ, ಕ್ರಿಕೆಟ್ಟಿನ ಸ್ಟಂಪು, ಕೈಗೆ ಸಿಕ್ಕದ್ದೆಲ್ಲ ಬಯಲಿಗೆ ಹೋಗುತ್ತದೆ. ಹೊರಗಿಟ್ಟ ಕಟ್ಟಿಗೆ ಇಂದಿಗೂ ಕಾಮಣ್ಣನದೇ. ಕಾಮಣ್ಣ ಉರಿಯುವ ಬಯಲಿನ ನೆತ್ತಿಯ ಮೇಲೆ, ಏರಿಯಲ್ಲಿ, ಆ ಬಾಗಿಲು ಕಾವಲಿಲ್ಲದೆ ವರ್ಷವಿಡೀ ಹೊರಗೇ ನಿಂತಿರುತ್ತದೆ. ಕಾಮಣ್ಣನಿಗೆಂದು ಅದನ್ನು ಒಬ್ಬರೂ ಮುಟ್ಟಿದ್ದಿಲ್ಲ. ಇದು ಯಾರದ್ದು ಎಂದು ನೀವು ಯಾವ ಓಣಿಯ ಮಗುವನ್ನಾದರೂ ಕೇಳಿ ನೋಡಿ. "ನಮ್ದು" ಎನ್ನುತ್ತದೆ.