ಹೊಳೆ ದಾಟಿಸಿದ ಗುಲಗಂಜಿ ಹುಳಗಳು

ಹೊಳೆಯ ದಂಡೆಗೆ ಮುರಿಗಜ್ಜನವರ ಮಠವಿತ್ತು. ಮಠವೆಂದರೆ ಏನು ಮಹಾ! ಎರಡು ಅಂಕಣದ ಮಣ್ಣಿನ ಮನೆ, ಸುತ್ತ ಖರ್ಜೂರದ ತೋಪು. ಮುಂಜಾನೆ ಮಂಜು ನುಗ್ಗಿದರೆ ಮರಗಳ ಬುಡ ಕಾಣುತ್ತಿರಲಿಲ್ಲ. ಗರಿಗಳಷ್ಟೇ ಮೇಲೆ ತೇಲುತ್ತಿದ್ದವು.

ಅಲ್ಲಿಗೆ ಬಂದ ಪ್ರತಿ ಶಿಷ್ಯನಿಗೂ ಅಜ್ಜ ಒಂದು ಖರ್ಜೂರದ ಸಸಿ ಕೊಡುತ್ತಿದ್ದರು. ಅದು ಮೊದಲ ಗೊನೆ ಬಿಟ್ಟ ದಿನ ಅವನಿಗೆ ಕಾವಿ.

ಹೊನ್ನಯ್ಯನದು ಪಂಕ್ತಿಗೆ ಬಡಿಸುವ ಕೆಲಸ. ಕೊನೆಯವನು ಉಂಡೇಳುವ ತನಕ ಬಡಿಸಿದವನು ಬೆನ್ನು ತಿರುಗಿಸಬಾರದು, ಅದು ಮಠದ ರೂಢಿ. ಆರು ವರ್ಷದಲ್ಲಿ ಒಮ್ಮೆಯೂ ಅವನು ತಪ್ಪಿರಲಿಲ್ಲ.

ಈ ಸಲ ಅವನ ಮರದಲ್ಲಿ ಮೊದಲ ಹೊಂಬಾಳೆ ಇಣುಕಿತ್ತು. ಹೊನ್ನಯ್ಯನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಒಂದು ಮುಂಜಾನೆ ಗರಿಗಳ ಮೇಲೆ ತೌಡು ಚೆಲ್ಲಿದಂತೆ ಏನೋ ಕಂಡಿತು. ಬಗ್ಗಿ ನೋಡಿದ. ಗರಿಗೆ ಅಂಟಿಕೊಂಡ ಪುಟ್ಟ ಪುಟ್ಟ ಹುಳ, ಮಿಸುಕಾಡದೆ ರಸ ಹೀರುತ್ತಿದ್ದವು. ಅವುಗಳ ನಡುವೆ ಕಪ್ಪು ಮೈಗೆ ಕೆಂಪು ಬೊಟ್ಟಿಟ್ಟ ಗುಲಗಂಜಿ ಹುಳಗಳು, ತೌಡಿನ ಹುಳಗಳನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದವು.

ಅಯ್ಯೋ ಪಾಪ! ಹೊನ್ನಯ್ಯನ ಕರುಳು ಚುರ್ ಎಂದಿತು. ಓಡಲು ಕಾಲಿಲ್ಲ, ಕೂಗಲು ಬಾಯಿಲ್ಲ. ಕಾವಿ ಉಡುವವನ ಮರದಲ್ಲೇ ಇಂಥ ಕೊಲೆಯೇ?

ಗುಲಗಂಜಿ ಹುಳಗಳನ್ನೂ ಅವನು ಕೊಲ್ಲಲಿಲ್ಲ. ಒಂದೊಂದನ್ನೇ ಬೆರಳಿಗೆ ಹತ್ತಿಸಿಕೊಂಡು, ವಸ್ತ್ರದಲ್ಲಿ ಕಟ್ಟಿ, ಹರಿಗೋಲಿನಲ್ಲಿ ಹೊಳೆ ದಾಟಿಸಿ, ಆಚೆ ದಂಡೆಯ ಈಚಲು ಮರಗಳ ಮೇಲೆ ಬಿಟ್ಟು ಬಂದ. ಹದಿನೈದು ದಿನ ಇದೇ ಕೆಲಸ. ಮಂಜಿನೊಳಗೆ ಹರಿಗೋಲು ಕನಸಿನಲ್ಲಿ ಹೋದಂತೆ ಹೋಗುತ್ತಿತ್ತು. ತನ್ನಂಥ ದಯಾವಂತ ಎರಡೂ ದಂಡೆಗೆ ಇಲ್ಲವೆಂದು ಅವನಿಗೆ ಅನಿಸುತ್ತಿತ್ತು.

ತಿಂಗಳೊಳಗೆ ಗರಿಗಳೆಲ್ಲ ತೌಡಿನ ಹುಳದಿಂದ ಮುಚ್ಚಿಹೋದವು. ಆಮೇಲೆ ಹಳದಿಯಾದವು. ಹೊಂಬಾಳೆ ಬಿರಿಯದೆಯೇ ಒಣಗಿತು.

ಹೊನ್ನಯ್ಯ ಅಳುತ್ತಾ ಅಜ್ಜನವರ ಬಳಿ ಬಂದ.

"ಅಜ್ಜಾರ, ನನ್ನ ಮರ ಸಾಯಾಕತ್ತೈತ್ರಿ. ನಾ ಒಂದು ಹುಳಾನೂ ಕೊಂದಿಲ್ರಿ. ತಿನ್ನೂ ಹುಳಾನೆಲ್ಲಾ ಹೊಳಿ ದಾಟಿಸಿ ಬಿಟ್ಟು ಬಂದೇನ್ರಿ."

"ಹೌದಾ? ಬಾ, ಮೊದಲ ಉಣ್ಣಾಕ ಕೂಡು."

ಅಂದು ಅಜ್ಜ ತಾವೇ ನುಚ್ಚು ಮಜ್ಜಿಗೆ ಬಡಿಸಿದರು. ಹೊನ್ನಯ್ಯ ಮೊದಲ ತುತ್ತು ಬಾಯಿಗೆ ಒಯ್ಯುತ್ತಿದ್ದಂತೆ ಅವನ ರಟ್ಟೆ ಹಿಡಿದು ಎಬ್ಬಿಸಿದರು. ಇಡೀ ಪಂಕ್ತಿಯ ಎದುರಿಗೇ! ತುತ್ತು ಜಾರಿ ಎಲೆಗೆ ಬಿತ್ತು. ದರದರನೆ ಹೊಳೆಗೆ ಎಳೆದೊಯ್ದು ಹರಿಗೋಲಿನಲ್ಲಿ ಕೂರಿಸಿದರು.

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿದವು ಹೊನ್ನಯ್ಯನಿಗೆ.

"ಉಣ್ಣಾಕ ಕುಂತಾವನ್ನ ಎಬ್ಬಿಸಿದ್ರಲ್ರಿ ಅಜ್ಜಾರ!"

"ಹೊಡದೆನೇನು?"

"ಇಲ್ರಿ."

"ಬೈದೆನೇನು?"

"ಇಲ್ರಿ."

"ಮತ್ತ? ಬರೇ ಹೊಳಿ ದಾಟಸ್ತೀನಿ."

ಹೊನ್ನಯ್ಯ ಹುಳ ಕಟ್ಟಿ ಒಯ್ದಿದ್ದ ಹೆಗಲ ಮೇಲಿನ ವಸ್ತ್ರ ಮುಟ್ಟಿ ನೋಡಿಕೊಂಡ. ಆಮೇಲೆ ತಾನೇ ಹುಟ್ಟು ಹಿಡಿದು ಒಬ್ಬನೇ ಹೊರಟ.

ಆಚೆ ದಂಡೆಯಲ್ಲಿ ಈಚಲು ಮರಗಳು ಹಚ್ಚಗೆ ನಿಂತಿದ್ದವು. ಹಸಿದ ಹೊಟ್ಟೆಯಲ್ಲೇ ಗರಿ ಗರಿ ಹುಡುಕಿ ನಲವತ್ತೋ ಐವತ್ತೋ ಗುಲಗಂಜಿ ಹುಳಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡ. ಮರಳುವಾಗ ಹೊಳೆಯ ತುಂಬ ಸಂಜೆಯ ಬೆಳಕು. ನೀರು ಯಾವುದು, ಬಾನು ಯಾವುದು ತಿಳಿಯುತ್ತಿರಲಿಲ್ಲ. ಈ ವರ್ಷ ಕಾವಿ ಇಲ್ಲವೆಂದು ಗೊತ್ತಾಗಿತ್ತು. ಮರವಾದರೂ ಉಳಿಯಲಿ ಎಂದುಕೊಂಡ.

ಮರದ ಕೆಳಗೆ ಅಜ್ಜ ಕಾಯುತ್ತಿದ್ದರು. ಸುಳಿ ಇನ್ನೂ ಹಸಿರಾಗಿತ್ತು.

ಹೊನ್ನಯ್ಯ ಗರಿಯ ಮೇಲೆ ವಸ್ತ್ರ ಬಿಚ್ಚಿದ. ಹುಳಗಳು ಮೆಲ್ಲಗೆ ಹರಿದಾಡಿದವು. ಮೊದಲನೆಯದು ಬಾಯಿ ಹಾಕಿತು. ಅವನಿಗೆ ನೋಡಲಾಗಲಿಲ್ಲ. ತೌಡಿನ ಹುಳದ ಮೇಲಿನ ಮರುಕ ಇನ್ನೂ ಹೋಗಿರಲಿಲ್ಲ. ಕಣ್ಣು ಮುಚ್ಚಿ ಆಚೆ ತಿರುಗಿದ.

ಅಜ್ಜ ಅವನ ಹೆಗಲು ಹಿಡಿದು ಮರದ ಕಡೆಗೆ ತಿರುಗಿಸಿದರು.

"ಪಂಕ್ತಿ ಕುಂತೈತಿ, ಹೊನ್ನಯ್ಯ. ಬಡಿಸಿದಾಂವ ಬೆನ್ನು ತಿರುಗಸಬಾರದು."