ನಲವತ್ತು ದಿನದ ಕಾನೂನು ಮತ್ತು ಹದಿನೆಂಟು ಮೊಳದ ಹಳೆಯ ಸೀರೆ

ಮಗುವನ್ನು ಎಡತೋಳಿಗೆ ತೆಗೆದುಕೊಳ್ಳಿ. ಕುತ್ತಿಗೆಗೆ ಆಸರೆ ಕೊಡಿ. ಕೈ ತೊಳೆದಿದ್ದೀರಿ ತಾನೆ? ತೊಳೆಯದವರು ಎದ್ದು ಹೋಗಿ ತೊಳೆದು ಬನ್ನಿ. ಕತೆ ಕಾಯುತ್ತದೆ.

ಬಂದಿರಾ? ಕೇಳಿ.

ಒಂದಾನೊಂದು ಊರಿನಲ್ಲಿ ಹಳೆಯದು ಎಂಬುದೇ ಇರಲಿಲ್ಲ. ‘ಒಂದಾನೊಂದು ಕಾಲದಲ್ಲಿ’ ಎನ್ನುವುದಕ್ಕೂ ಅಲ್ಲಿ ಅಪ್ಪಣೆ ಇರಲಿಲ್ಲ. ಆ ಕಾಲ ಹಳೆಯದಲ್ಲವೆ? ಆದ್ದರಿಂದ ಈ ಕತೆ ಊರಿನಿಂದ ಆರಂಭವಾಗುತ್ತದೆ, ಕಾಲದಿಂದ ಅಲ್ಲ.

ಆ ಊರಿನ ಅರಸ ನೂತನರಾಯ. ಅವನ ಕಾನೂನು ಒಂದೇ. ನಲವತ್ತು ದಿನ ತುಂಬಿದ ಯಾವುದೂ ಊರಿನಲ್ಲಿ ಇರಕೂಡದು. ಹಳೆಯದನ್ನು ಕೊಡಬೇಕು, ಹೊಸದನ್ನು ಪಡೆಯಬೇಕು. ಮಡಕೆಗೆ ನಲವತ್ತು ದಿನ. ಚಪ್ಪಲಿಗೆ ನಲವತ್ತು ದಿನ. ಬಾಗಿಲಿಗೆ ನಲವತ್ತು ದಿನ. ಬಾಗಿಲು ಹಳೆಯದಾದ ದಿನ ಜನ ಕಿಟಕಿಯಿಂದ ಮನೆಯೊಳಗೆ ಇಳಿದು, ಹೊಸ ಬಾಗಿಲು ಬರಲೆಂದು ಕಾಯುತ್ತಿದ್ದರು. ಊರ ಬಾವಿಯನ್ನು ಆಗಲೇ ಎಂಟು ಸಲ ಬದಲಾಯಿಸಿದ್ದಾಗಿತ್ತು.

ಕಾನೂನೇ ಹಳೆಯದಾದರೆ? ಸರಿಯಾದ ಪ್ರಶ್ನೆ. ಅದಕ್ಕೂ ವ್ಯವಸ್ಥೆ ಇತ್ತು. ಕಾನೂನನ್ನು ಗಂಜಿ ಹಾಕಿದ ಬಿಳಿಯ ಬಟ್ಟೆಯ ಮೇಲೆ ಬರೆದಿದ್ದರು. ನಲವತ್ತನೆಯ ದಿನ, ಸೂರ್ಯ ಮುಳುಗುವುದರೊಳಗೆ, ಅರಸನೇ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಓದಿದ ಕೂಡಲೇ ಅದು ಮತ್ತೆ ಹೊಸದು.

ಮನುಷ್ಯರಿಗೆ ಏನು ಮಾಡುತ್ತಿದ್ದರು? ನಲವತ್ತು ದಿನಕ್ಕೊಮ್ಮೆ ಹಿಂದಿನದನ್ನೆಲ್ಲ ಮರೆಯಬೇಕು. ಮರೆತ ಮೇಲೆ ಹೊಸ ಹೆಸರು ಇಡುತ್ತಿದ್ದರು. ಅರಸನು ತನ್ನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಅವನು ಪ್ರತಿದಿನ ಬೆಳಿಗ್ಗೆ ತೊಟ್ಟಿಲಲ್ಲಿ ಕುಳಿತು ನಾಮಕರಣ ಮಾಡಿಸಿಕೊಳ್ಳುತ್ತಿದ್ದ. ಪ್ರತಿದಿನವೂ ಹೆಸರು ನೂತನರಾಯ. ಆದ್ದರಿಂದ ಅವನಿಗೆ ಎಂದೂ ಒಂದು ದಿನಕ್ಕಿಂತ ಹೆಚ್ಚು ವಯಸ್ಸು ಆಗಲಿಲ್ಲ. ಗಡ್ಡ ಮಾತ್ರ ಇತ್ತು.

ಅರಸನಿಗೆ ಒಂದು ಕೊರತೆ ಇತ್ತು. ನಿದ್ದೆ ಇರಲಿಲ್ಲ. ಅವನ ಹಾಸಿಗೆ ದಿನವೂ ಹೊಸದು, ಹೊದಿಕೆ ದಿನವೂ ಹೊಸದು. ಗಂಜಿ ಹಾಕಿದ ಹೊದಿಕೆ ಮಗ್ಗುಲು ಬದಲಿಸಿದಾಗಲೆಲ್ಲ ಪರಪರ ಎನ್ನುತ್ತಿತ್ತು. ಅರಸ ಬೆಚ್ಚಿ ಏಳುತ್ತಿದ್ದ. ಬೆಳಗಾದರೆ ಮತ್ತೆ ನಾಮಕರಣ. ತಾನು ಮಲಗಿಲ್ಲವೆಂಬುದೂ ಮರೆತುಹೋಗುತ್ತಿತ್ತು.

ಇಂಥ ಊರಿನಲ್ಲಿ ಚಿಕ್ಕತಾಯಮ್ಮ ಹೆಣ್ಣುಮಗುವನ್ನು ಹೆತ್ತಳು. ಕಾನೂನು ಬಂದ ಮೇಲೆ ಅಲ್ಲಿ ಹುಟ್ಟಿದ ಮೊದಲ ಮಗು ಅದು. ಅದು ಹುಟ್ಟಿದ ಗಳಿಗೆಯಲ್ಲೇ ಅರಮನೆಯ ಅಂಗಳದಲ್ಲಿ ಅರಸ ಕಾನೂನನ್ನು ಒಂಬತ್ತನೆಯ ಸಲ ಓದಿ ಮುಗಿಸಿದ. ಅಂದರೆ ಮಗುವಿಗೂ ಕಾನೂನಿಗೂ ಒಂದೇ ವಯಸ್ಸು. ಇದನ್ನು ನೆನಪಿಡಿ. ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.

ಚಿಕ್ಕತಾಯಮ್ಮನ ಗಂಡ ಬಡಗಿ. ದಿನವೂ ಯಾರದಾದರೂ ಮನೆಯ ಬಾಗಿಲು ಬದಲಾಗುವ ಊರಿನಲ್ಲಿ ಬಡಗಿಗೆ ಬಿಡುವೆಲ್ಲಿ? ಮನೆಯಲ್ಲಿ ಉಳಿದವಳು ಅತ್ತೆ. ಅತ್ತೆಗೆ ಎಪ್ಪತ್ತೆರಡು ವರ್ಷ. ಆ ನಲವತ್ತು ದಿನಗಳ ಮಟ್ಟಿಗೆ ಅವಳ ಹೆಸರು ಕುಮಾರಿ ಚಿಗುರು.

ಮಗುವನ್ನು ಅರಮನೆಯಿಂದ ಬಂದ ಹೊಸ ಜರಿಬಟ್ಟೆಯಲ್ಲಿ ಸುತ್ತಿದರು. ಮಗು ಅತ್ತಿತು. ಅಳು ಮನೆಯೊಳಗೆ ಮೂರು ಸುತ್ತು ಬಂದಿತು. ಆಮೇಲೆ ಹೆಂಚಿನ ಮೇಲೆ ಹೋಗಿ ಕುಳಿತು ಅಲ್ಲಿಂದ ಅತ್ತಿತು.

"ಅತ್ತೆ, ಏನು ಮಾಡಲಿ?"

"ನನ್ನನ್ನು ಕೇಳುತ್ತೀಯಾ? ನಾನು ಹುಟ್ಟಿ ಹನ್ನೊಂದು ದಿನವಾಯಿತು," ಎಂದಳು ಅತ್ತೆ. ಬಾಯಲ್ಲಿ ಎರಡೇ ಹಲ್ಲು.

"ಹಾಗನ್ನಬೇಡಿ ಅತ್ತೆ. ಏಳು ಮಕ್ಕಳನ್ನು ಸಾಕಿದವರು ನೀವು."

"ಇರಬಹುದು. ಮರೆತಿದ್ದೇನೆ."

ಅತ್ತೆ ಕಿಟಕಿಯ ಕಡೆ ನೋಡಿದಳು. ಹೊರಗೆ ಕಾವಲಿನವನು ಗೋಡೆಗೆ ಕಿವಿ ಇಟ್ಟು ನಿಂತಿದ್ದ. ಯಾರು ಏನನ್ನು ಮರೆತಿಲ್ಲ ಎಂದು ಬರೆದುಕೊಳ್ಳುವುದು ಅವನ ಕೆಲಸ. ಅತ್ತೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು: "ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ನೆಟ್ಟಗೆ ಆನಿಸಿ, ತೇಗು ಬರುವ ತನಕ ಬೆನ್ನು ತಟ್ಟಬೇಕು ಎಂಬುದನ್ನು ನಾನು ಪೂರ್ತಿ ಮರೆತಿದ್ದೇನೆ!"

‘ಮರೆತಿದ್ದಾಳೆ. ಸರಿ,’ ಎಂದು ಕಾವಲಿನವನು ಬರೆದುಕೊಂಡ.

ಚಿಕ್ಕತಾಯಮ್ಮ ಮಗುವನ್ನು ಹೆಗಲಿಗೆ ಆನಿಸಿ ಬೆನ್ನು ತಟ್ಟಿದಳು. ತೇಗು ಬಂದಿತು. ಅಳು ಹೆಂಚಿನಿಂದ ಅರ್ಧ ಇಳಿಯಿತು.

"ಸ್ನಾನದ ನೀರಿಗೆ ಮೊದಲು ನಮ್ಮ ಮೊಣಕೈ ಅದ್ದಿ ನೋಡಬೇಕು ಎಂಬುದೂ ಮರೆತಿದೆ! ಹೊಕ್ಕುಳಿಗೆ ಎಣ್ಣೆ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಬೇಕು, ಅದೂ ಮರೆತಿದೆ! ಜೇನು ನೆಕ್ಕಿಸಬಾರದು, ನೀರು ಕುಡಿಸಬಾರದು, ತಾಯಿಯ ಹಾಲು ಸಾಕು. ಅಯ್ಯೋ, ಎಷ್ಟೊಂದು ಮರೆತುಬಿಟ್ಟೆ! ಮಗು ಮಲಗಿದಾಗ ತಾಯಿಯೂ ಮಲಗಬೇಕು, ಪಾತ್ರೆ ತೊಳೆಯಲು ಹೋಗಬಾರದು. ಇದಂತೂ ನೆನಪಿನಲ್ಲಿ ಇಲ್ಲವೇ ಇಲ್ಲ!"

ಕಾವಲಿನವನು ಕಿಟಕಿಯಿಂದ ತಲೆ ಹಾಕಿದ. "ತಾಯಿ, ಸ್ವಲ್ಪ ನಿಧಾನವಾಗಿ ಮರೆಯಿರಿ. ಕೈ ಓಡುತ್ತಿಲ್ಲ. ನನ್ನ ಹೆಂಡತಿಗೆ ಈಗ ಏಳು ತಿಂಗಳು."

ಎಲ್ಲವನ್ನೂ ಕ್ರಮವಾಗಿ ಮಾಡಿದ್ದಾಯಿತು. ಆದರೂ ಮಗು ಮಲಗಲಿಲ್ಲ. ಜರಿ ಅದರ ಬೆನ್ನನ್ನು ಕೆಂಪಗೆ ಮಾಡಿತ್ತು. ಅತ್ತೆ ಮೊಮ್ಮಗಳ ಬೆನ್ನನ್ನು ನೋಡಿದಳು. ಈ ಸಲ ದನಿ ಏರಲಿಲ್ಲ.

"ಎಳೆಯ ಮೈಗೆ ಹಳೆಯ ಬಟ್ಟೆ ಬೇಕು, ಹುಡುಗಿ. ನೂರು ಸಲ ಒಗೆದದ್ದು. ಇದನ್ನು ಮಾತ್ರ ಮರೆಯಲು ನನ್ನಿಂದ ಆಗಿಲ್ಲ."

"ಹಳೆಯ ಬಟ್ಟೆ ಈ ಊರಿನಲ್ಲಿ ಎಲ್ಲಿದೆ, ಅತ್ತೆ?"

"ಊರಿನಲ್ಲಿ ಇಲ್ಲ. ಹೊರಗೆ ಎಸೆದ ಹಳೆಯ ಬಟ್ಟೆಗಳಿಗೆ ತೂಕವಿಲ್ಲ. ತೂಕವಿಲ್ಲದ್ದು ಮೇಲೆ ಹೋಗುತ್ತದೆ. ಆ ಗುಡ್ಡದ ಮೇಲೆ ಇರುವುದು ಮೋಡ ಎಂದುಕೊಂಡೆಯಾ?"

ಚಿಕ್ಕತಾಯಮ್ಮ ಹಿತ್ತಿಲ ಕಡೆಯಿಂದ ನೋಡಿದಳು. ಗುಡ್ಡದ ಮೇಲೆ ಪಂಚೆಗಳು ತೇಲುತ್ತಿದ್ದವು. ಕೌದಿಗಳು ತೇಲುತ್ತಿದ್ದವು. ಮಧ್ಯದಲ್ಲಿ ಒಂದು ಸೀರೆ ತನ್ನನ್ನು ತಾನೇ ನಿಧಾನವಾಗಿ ಮಡಿಸಿಕೊಳ್ಳುತ್ತಿತ್ತು, ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಬಾಣಂತಿ ಗುಡ್ಡ ಹತ್ತುವಂತಿಲ್ಲ. ಅವಳು ಎರಡು ಕಂಬಗಳ ನಡುವೆ ಒಂದು ಹಗ್ಗ ಕಟ್ಟಿದಳು. ಅಷ್ಟೇ ಮಾಡಿದಳು. ಹಗ್ಗ ಕಂಡರೆ ಹಳೆಯ ಸೀರೆಯ ಮನಸ್ಸು ತಡೆಯುವುದಿಲ್ಲ. ಅದು ಮೆಲ್ಲಮೆಲ್ಲಗೆ ಇಳಿಯಿತು. ಮನೆಯ ಮೇಲೆ ಬಂದಿತು. ಹಗ್ಗದ ಮೇಲೆ ಒರಗಿ ಉಸಿರುಬಿಟ್ಟಿತು. ಅದಕ್ಕೆ ಬಣ್ಣ ಇರಲಿಲ್ಲ. ಬಣ್ಣ ಇತ್ತೆಂಬ ನೆನಪು ಮಾತ್ರ ಇತ್ತು.

"ಯಾರಿಗೆ?" ಎಂದಿತು ಸೀರೆ.

"ನನ್ನ ಮಗಳಿಗೆ."

"ಬರುತ್ತೇನೆ. ಆದರೆ ಅವಳ ಮೊದಲ ನಗು ನನಗೆ ಸೇರಬೇಕು."

"ಅವಳು ಇನ್ನೂ ನಕ್ಕಿಲ್ಲವಲ್ಲ! ಇಲ್ಲದ್ದನ್ನು ಹೇಗೆ ಕೊಡಲಿ?"

"ಇದ್ದದ್ದನ್ನು ಯಾರು ಬೇಕಾದರೂ ಕೊಡುತ್ತಾರೆ, ತಂಗಿ. ಇಲ್ಲದ್ದನ್ನು ಕೊಟ್ಟರೆ ಅದು ವ್ಯವಹಾರ."

ಮೊದಲ ನಗುವನ್ನು ಯಾವ ತಾಯಿ ಬಿಟ್ಟುಕೊಡುತ್ತಾಳೆ? ಒಳಗೆ ಮಗು ಅತ್ತಿತು. ಚಿಕ್ಕತಾಯಮ್ಮ ಒಪ್ಪಿದಳು.

ಸೀರೆಯನ್ನು ಬಿಸಿನೀರಿನಲ್ಲಿ ಒಗೆದರು. ಬಿಸಿಲಿನಲ್ಲಿ ಒಣಗಿಸಿದರು. ಸೆರಗಿನ ಕಡೆಯ ಎರಡು ಮೊಳದಲ್ಲಿ ಮಗುವನ್ನು ಕೈಕಾಲು ಆಡುವಷ್ಟು ಸಡಿಲವಾಗಿ ಸುತ್ತಿ, ಮುಖ ಮುಚ್ಚದೆ, ಅಂಗಾತ ಮಲಗಿಸಿದರು. ಉಳಿದ ಹದಿನಾರು ಮೊಳ ತೊಟ್ಟಿಲಿನಿಂದ ಇಳಿದು ನೆಲದ ಮೇಲೆ ಸುಮ್ಮನೆ ಮಲಗಿತು. ಅಳು ಹೆಂಚಿನಿಂದ ಇಳಿದು ಬಂದು ಹೊಸ್ತಿಲ ಬಳಿ ನಿದ್ದೆಹೋಯಿತು. ಆಮೇಲೆ ದಿನಗಳು ಆ ಮನೆಗೆ ಬರಿಗಾಲಿನಲ್ಲಿ ಬಂದುಹೋದವು. ಕಾವಲಿನವನು ಸೀರೆಯನ್ನು ಕಂಡ. ಕಂಡದ್ದನ್ನು ತಕ್ಷಣ ಮರೆತ. ಕಾನೂನು ಹೇಳುವುದೂ ಅದನ್ನೇ ತಾನೆ?

ನಲವತ್ತನೆಯ ದಿನ ಮಧ್ಯಾಹ್ನ ಅರಸ ಬಂದ. ಅಂದು ಕಾನೂನನ್ನು ಓದುವ ದಿನ. ಆದ್ದರಿಂದ ಮಂತ್ರಿಯ ಕಂಕುಳಲ್ಲಿ ಕಾನೂನಿನ ಬಟ್ಟೆ ಇತ್ತು.

"ಮಗುವಿಗೆ ನಲವತ್ತು ದಿನ ತುಂಬಿತು," ಎಂದ ಮಂತ್ರಿ. "ಒಪ್ಪಿಸಿ. ಹೊಸದು ಕೊಡುತ್ತೇವೆ."

"ಅತ್ತೆಗೆ ಕೊಟ್ಟ ಹಾಗೆ ಇದಕ್ಕೂ ಹೊಸ ಹೆಸರು ಕೊಡಿ, ಸ್ವಾಮಿ. ಇದು ಇಲ್ಲಿಯೇ ಇರಲಿ."

"ಅವರು ಮರೆತು ಹೊಸಬರಾದರು. ಇದಕ್ಕೆ ಮರೆಯಲು ಏನಿದೆ? ಮರೆಯಲು ಏನೂ ಇಲ್ಲದವರನ್ನು ಹೊಸಬರನ್ನಾಗಿ ಮಾಡಲು ಬರುವುದಿಲ್ಲ. ಹೊಸ ಮಗು ಸಿದ್ಧವಾಗಲು ಒಂಬತ್ತು ತಿಂಗಳು ಬೇಕು. ಅಲ್ಲಿಯವರೆಗೆ, ಒಂದು ಮಗು ಬಾಕಿ ಇದೆ ಎಂದು ಬರೆದ ಈ ಚೀಟಿಯನ್ನು ತೊಟ್ಟಿಲಲ್ಲಿ ಮಲಗಿಸಿಕೊಳ್ಳಿ."

"ನನಗೆ ಇದರ ಅಳು ಈಗ ತಾನೇ ಅರ್ಥವಾಗುತ್ತಿದೆ," ಎಂದಳು ಚಿಕ್ಕತಾಯಮ್ಮ. "ಹಸಿವಿನ ಅಳು ಬೇರೆ. ಒದ್ದೆಯಾದ ಅಳು ಬೇರೆ. ನಿಮ್ಮ ಹೊಸದರ ಅಳನ್ನು ನಾನು ಮತ್ತೆ ಮೊದಲಿನಿಂದ ಕಲಿಯಬೇಕೆ?"

ಮಂತ್ರಿ ತೊಟ್ಟಿಲಿಗೆ ಕೈ ಚಾಚಿದ. ಅರಸ ಅವನನ್ನು ತಡೆದ. ಅರಸ ತೊಟ್ಟಿಲೊಳಗೆ ಬಗ್ಗಿ ನೋಡುತ್ತಿದ್ದ.

"ಇದು ಏನು ಮಾಡುತ್ತಿದೆ?"

"ನಿದ್ದೆ, ಮಹಾಪ್ರಭು," ಎಂದಳು ಚಿಕ್ಕತಾಯಮ್ಮ.

"ಎಲ್ಲಿಂದ ತರಿಸಿದಿರಿ? ಹೊಸದೆ?"

"ಪ್ರತಿಸಲವೂ ಹೊಸದೇ."

"ನಮಗೂ ಬೇಕು," ಎಂದ ಅರಸ.

ಅತ್ತೆ ಗೋಡೆಗೆ ಒರಗಿ ಎರಡೂ ಕಾಲುಗಳನ್ನು ನೀಡಿ ಕುಳಿತಳು. "ಬಾ ಕಂದ," ಎಂದಳು. ಅರಸನಿಗೆ ಒಂದು ಲೋಟ ಬೆಚ್ಚಗಿನ ಹಾಲು ಕೊಟ್ಟಳು. ಕಾಲಿನ ಮೇಲೆ ಮಲಗಿಸಿಕೊಳ್ಳುವ ಮೊದಲು ಮಂತ್ರಿಯ ಕಡೆ ನೋಡಿದಳು. "ಏನು ನೋಡುತ್ತೀಯಾ? ಹೆಗಲಿಗೆ ಹಾಕಿಕೋ. ತೇಗು ಬರಬೇಕು."

ಮಂತ್ರಿ ಅರಸನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ. ತೇಗು ಬಂದಿತು. ಅರಮನೆಯ ಕಹಳೆಗಿಂತ ಗಂಭೀರವಾಗಿತ್ತು.

"ಗರಿಗರಿ ಅಂಗಿಯನ್ನು ಕಳಚಿ," ಎಂದಿತು ನೆಲದ ಮೇಲಿನ ಸೀರೆ. "ಮಗು ನನ್ನಲ್ಲಿ ಎರಡೇ ಮೊಳ ಬಳಸಿದೆ. ಇನ್ನೂ ಹದಿನಾರು ಮೊಳ ಇದ್ದೇನೆ."

ಅರಸನನ್ನು ಹದಿನಾರು ಮೊಳದಲ್ಲಿ ಸುತ್ತಿದರು. ಪರಪರ ಎಂಬ ಸದ್ದಿಲ್ಲ. ಅರಸ ಮಗ್ಗುಲು ಬದಲಿಸಿದ. ಆಗಲೂ ಸದ್ದಿಲ್ಲ. ಅವನ ಬಾಯಿ ತೆರೆಯಿತು. ಗಡ್ಡ ಮೆತ್ತಗಾಯಿತು. ಅವನು ನಿದ್ದೆಯೊಳಗೆ, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ, ಇಳಿಯುತ್ತ ಇಳಿಯುತ್ತ ಹೋದ.

ಸೂರ್ಯ ಪಶ್ಚಿಮಕ್ಕೆ ಬಂದ. ಮಂತ್ರಿ ಕಾನೂನಿನ ಬಟ್ಟೆಯನ್ನು ಮುಟ್ಟಿ ನೋಡಿದ. ಒಂದು ಮೂಲೆ ಆಗಲೇ ಜೋಲುತ್ತಿತ್ತು.

"ಮಹಾಪ್ರಭುಗಳನ್ನು ಎಬ್ಬಿಸಿ! ಓದುವ ಹೊತ್ತಾಯಿತು!"

"ಮೆಲ್ಲಗೆ," ಎಂದಳು ಚಿಕ್ಕತಾಯಮ್ಮ. "ಹೊಟ್ಟೆ ತುಂಬಿ ಮಲಗಿದ ಮಗುವನ್ನು ಎಬ್ಬಿಸಬಾರದು."

"ಇವರು ಮಗುವಲ್ಲ, ಅರಸರು."

"ಅರಸರಿಗೆ ಎಷ್ಟು ವಯಸ್ಸು, ಮಂತ್ರಿಗಳೆ?"

ಮಂತ್ರಿ ಮಲಗಿದ್ದ ಅರಸನ ಕಡೆ ನೋಡಿದ. ಹೆಚ್ಚು ಹೇಳಿದರೆ ರಾಜದ್ರೋಹ. "ಒಂದು ದಿನ," ಎಂದ.

"ಒಂದು ದಿನದ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕಾನೂನು ಓದಿಸುತ್ತೀರಾ? ನಿಮಗೆ ಮಕ್ಕಳಿಲ್ಲವೆ?"

"ನಾಲ್ವರಿದ್ದಾರೆ."

"ಹೋಗಿ ಅವರ ತಾಯಿಯನ್ನು ಕೇಳಿ ಬನ್ನಿ."

ಮಂತ್ರಿ ಹೋದ. ಕೇಳಿದ. ಮರಳಿ ಬಂದ. ಬರುವಾಗ ತುದಿಗಾಲಿನಲ್ಲಿ ನಡೆಯುತ್ತಿದ್ದ. ಆದರೂ ಅವನು ಮಂತ್ರಿ. "ಅರಸರನ್ನು ಎಬ್ಬಿಸುವುದಿಲ್ಲ," ಎಂದು ಪಿಸುಗುಟ್ಟಿದ. "ಆದರೆ ಸೂರ್ಯ ಇನ್ನೂ ಉಗುರಿನಷ್ಟು ಉಳಿದಿದ್ದಾನೆ. ಅಷ್ಟರೊಳಗೆ ನಿಮ್ಮ ಮಗು ತಾನಾಗಿ ಎದ್ದರೆ ಒಯ್ಯುತ್ತೇನೆ."

ಆಗಲೇ ಮಗು ಕಣ್ಣು ತೆರೆಯಿತು.

ಮಂತ್ರಿ ಎರಡು ಹೆಜ್ಜೆ ಮುಂದೆ ಬಂದ. ಚಿಕ್ಕತಾಯಮ್ಮ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮಗು ಅವಳ ಮುಖವನ್ನು ನೋಡಿತು. ಅದರ ತುಟಿಯ ಒಂದು ಕೊನೆ ಅಲುಗಿತು. ಬರುತ್ತಿರುವುದು ಏನೆಂದು ತಾಯಿಗೆ ತಿಳಿಯಿತು. ಕೊಟ್ಟ ಮಾತೂ ನೆನಪಾಯಿತು. ಅವಳು ಕಣ್ಣು ಮುಚ್ಚಿಕೊಂಡು, ಮಗುವಿನ ಮುಖವನ್ನು ಸೀರೆಯ ಸೆರಗಿನ ಕಡೆಗೆ ತಿರುಗಿಸಿದಳು.

ಮಗು ನಕ್ಕಿತು.

ನಗು ಸೆರಗಿನ ಮೇಲೆ ಬಿದ್ದಿತು. ಬಿದ್ದಲ್ಲಿ ಒಂದು ಹೂ ಕೆಂಪಾಯಿತು. ಅದರ ಪಕ್ಕದ ಬಳ್ಳಿ ಹಸಿರಾಯಿತು. ಬಣ್ಣ ಅಂಚಿನುದ್ದಕ್ಕೂ ಹರಿದು, ತೊಟ್ಟಿಲು ದಾಟಿ, ಮಲಗಿದ್ದ ಅರಸನ ಗಲ್ಲದ ತನಕ ಹೋಗಿ ನಿಂತಿತು.

ಮಂತ್ರಿಯೂ ನಿಂತ. ಹಳೆಯ ಸೀರೆಗೆ ಹೊಸ ಬಣ್ಣ. ಇದು ಹಳೆಯದೆ, ಹೊಸದೆ? ಹಳೆಯದಾದರೆ ಮೊದಲು ಸೀರೆಯನ್ನು ಒಯ್ಯಬೇಕು, ಒಳಗೆ ಅರಸರಿದ್ದಾರೆ. ಹೊಸದಾದರೆ ಅದರಲ್ಲಿರುವ ಮಗುವೂ ಹೊಸದು. ಮಂತ್ರಿ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದ. ಕ್ರಮವಾಗಿ ಯೋಚಿಸಿದ. ಯೋಚಿಸಿ ಮುಗಿಸುವಷ್ಟರಲ್ಲಿ ಸೂರ್ಯ, ಬಾಣಂತಿಯ ಕೋಣೆಯಿಂದ ಹೊರಗೆ ಹೋಗುವವರಂತೆ, ಸದ್ದು ಮಾಡದೆ ಇಳಿದುಹೋಗಿದ್ದ.

ಮಂತ್ರಿಯ ಕಂಕುಳಲ್ಲಿ ಕಾನೂನು ಹಳೆಯದಾಯಿತು. ಗಂಜಿ ಬಿಟ್ಟಿತು. ಅಕ್ಷರಗಳು ಸಡಿಲವಾಗಿ ಒಂದೊಂದಾಗಿ ಉದುರಿದವು. ಉಳಿದದ್ದು ಮೆತ್ತನೆಯ ಬಿಳಿಯ ಬಟ್ಟೆ. ಅತ್ತೆ ಕೈ ನೀಡಿ ಅದನ್ನು ತೆಗೆದುಕೊಂಡಳು, ಕೆನ್ನೆಗೆ ಒತ್ತಿ ನೋಡಿದಳು, ಮೂರು ಮೂಲೆಗೆ ಮಡಿಸಿದಳು.

"ಸರಿಯಾದ ಹೊತ್ತಿಗೆ ಬಂತು," ಎಂದಳು. "ಮಗು ಒದ್ದೆ ಮಾಡಿಕೊಂಡಿದೆ."

ಚಿಕ್ಕತಾಯಮ್ಮ ಸೀರೆಯ ಕಡೆ ತಿರುಗಿದಳು. "ನಿನ್ನ ನಗು ನಿನಗೆ ಸೇರಿತಲ್ಲ?"

"ಸೇರಿತು," ಎಂದಿತು ಸೀರೆ. "ಆದರೆ ನನಗೆ ವಯಸ್ಸಾಯಿತು, ತಂಗಿ. ಕಣ್ಣು ಕಾಣದು. ಅವಳು ನಗುವಾಗಲೆಲ್ಲ ನನ್ನ ಪರವಾಗಿ ನೀನೇ ನೋಡಿಕೋ."

ಮಗು ಎರಡನೆಯ ಸಲ ನಕ್ಕಿತು. ತಾಯಿ ನೋಡಿಕೊಂಡಳು.

ಅರಸ ಮೂರು ದಿನ ಮಲಗಿದ. ಎದ್ದಾಗ ಅವನಿಗೆ ಐವತ್ತನಾಲ್ಕು ವರ್ಷವಾಗಿತ್ತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಗುಡ್ಡದ ಮೋಡಗಳಿಗಾಗಿ ಊರಿನ ಪ್ರತಿ ಹಿತ್ತಿಲಲ್ಲೂ ಹಗ್ಗ ಕಟ್ಟಿಸಿದ. ಅತ್ತೆಗೆ ತನ್ನ ಹೆಸರು ನಂಜಾಜಮ್ಮ ಎಂಬುದು ನೆನಪಾಯಿತು. ಅದರ ಹಿಂದೆಯೇ ಉಳಿದದ್ದೆಲ್ಲ ನೆನಪಾಗಿ, ಹನ್ನೆರಡು ದಿನ ಬಾಯಿ ಮುಚ್ಚಲಿಲ್ಲ. ಕಾವಲಿನವನು ಎರಡು ಪುಸ್ತಕ ತುಂಬಿಸಿ ಹೆಂಡತಿಗೆ ಕೊಟ್ಟ. ಮಗುವಿಗೆ ಹೆಸರಿಡುವಾಗ ಊರಿನಲ್ಲಿ ಸಿಕ್ಕ ಹೆಸರುಗಳಲ್ಲೆಲ್ಲ ಹಳೆಯದನ್ನು ಹುಡುಕಿ ಇಟ್ಟರು: ನಂಜಾಜಮ್ಮ.

ನೀತಿ: ಹೊಸ ಬಟ್ಟೆಯನ್ನು ಒಗೆಯದೆ ಮಗುವಿಗೆ ತೊಡಿಸಬೇಡಿ. ಅರಸನಿಗೂ ತೊಡಿಸಬೇಡಿ. ಅರಸ ಅತ್ತರೆ ಮೊದಲು ತೇಗು ಬಂದಿದೆಯೇ ಎಂದು ನೋಡಿ, ಆಮೇಲೆ ಕಾನೂನು ಕೇಳಿ.

ನಿಮ್ಮ ತೋಳಿನಲ್ಲಿರುವುದು ಮಲಗಿತೆ? ಸರಿ. ಅಂಗಾತ ಮಲಗಿಸಿ, ನೀವೂ ಮಲಗಿ. ಹೇಳಿ ಮುಗಿಸುವಷ್ಟರಲ್ಲಿ ಈ ಕತೆಯೂ ಹಳೆಯದಾಯಿತು, ಮೆತ್ತಗಾಯಿತು. ಒಗೆದು, ಬಿಸಿಲಿನಲ್ಲಿ ಒಣಗಿಸಿ, ಮಡಿಸಿಡಿ. ಮುಂದಿನ ಮಗುವಿಗೆ ಬೇಕಾಗುತ್ತದೆ.