ಆರನೇ ಹಾಸಿಗೆ

"ಅಜ್ಜಾರ, ಮಠ ಬಿಟ್ಟು ಹೊರಡಾಕ ಚಲೋ ಗಳಿಗಿ ಯಾವುದರಿ?"

ಕೇಳಿದವನು ಶಿಷ್ಯ ಗುರುಶಾಂತ. ಅವನ ಓದು ಮುಗಿದು ವರ್ಷವಾಗಿತ್ತು. ಪಕ್ಕದ ಊರಿನ ಪಾಠಶಾಲೆಗೆ ಹೋಗಿ ಕಲಿಸು ಎಂದು ಗುರುಗಳು ಎರಡು ಸಲ ಹೇಳಿದ್ದರು. ಅವನು ಮೊದಲು ಶ್ರಾವಣ ಮುಗಿಯಲಿ ಎಂದ, ಆಮೇಲೆ ದೀಪಾವಳಿ ಕಳೆಯಲಿ ಎಂದ. ಮಠದ ಕೋಣೆ ಅವನಿಗೆ ಒಗ್ಗಿಹೋಗಿತ್ತು. ಗುರುಗಳು ಪಂಚಾಂಗ ತರಿಸಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮಗ್ಗದ ಮುಂದೆ ಕೂತಿದ್ದಾಗಲೇ ಎದೆ ಹಿಂಡಿದಂತಾಗಿ ಬಿದ್ದ. ದೊಡ್ಡ ಆಸ್ಪತ್ರೆಗೆ ಒಯ್ದರು. ಆಯುಷ್ಯ ಗಟ್ಟಿಯಿತ್ತು, ಬದುಕಿದ. ಮಾಳಿಗೆಯ ಮೇಲಿನ ಹೃದಯದ ವಾರ್ಡಿನಲ್ಲಿ, ಆರನೇ ಹಾಸಿಗೆಯಲ್ಲಿ, ಎಂಟು ದಿನ ಮಲಗಿ ಗುಣವಾದ. ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರು ಚೀಟಿ ಬರೆದುಕೊಟ್ಟು, ಇನ್ನು ಮನೆಗೆ ಹೋಗಬಹುದು ಎಂದರು.

ಅಂದು ಅಮಾವಾಸ್ಯೆ. ಹೆಂಡತಿ ಗಂಟು ಕಟ್ಟಲಿಲ್ಲ. ನಾಳೆ ಪಾಡ್ಯ, ಅದೂ ಬೇಡ, ಬಿದಿಗೆಯ ದಿನ ಹೊರಡೋಣ ಎಂದಳು. ನೇಕಾರನಿಗೂ ಅದೇ ಬೇಕಾಗಿತ್ತು. ಸಾವನ್ನು ಹತ್ತಿರದಿಂದ ಕಂಡು ಬಂದವನು ಅವನು. ಕೆಟ್ಟ ಗಳಿಗೆಯಲ್ಲಿ ಹೊಸ್ತಿಲು ದಾಟಿ ಅದನ್ನು ಮತ್ತೆ ಕರೆದಂತಾದರೆ ಎಂದು ಹೆದರಿಕೆ. ವಾರ್ಡಿನವರು ಗೊಣಗಿದರು. ಜೀವ ಉಳಿಸಿಕೊಂಡವನನ್ನು ಕೈಹಿಡಿದು ಹೊರಗೆ ಹಾಕುವುದು ಹೇಗೆಂದು ಸುಮ್ಮನೂ ಆದರು.

ಮಧ್ಯಾಹ್ನ ಅವನು ಚಹಾ ಕುಡಿಯಲು ಮೆಟ್ಟಿಲಿಳಿದ. ಗುಣವಾದವನ ನಡಿಗೆಯನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು. ಕೆಳಗೆ ತುರ್ತು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಪಕ್ಕ ಸ್ಟ್ರೆಚರಿನ ಮೇಲೆ ಒಬ್ಬ ಬೆಲ್ಲದ ವ್ಯಾಪಾರಿ ಮಲಗಿದ್ದ. ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಎದೆಯ ಮೇಲಿತ್ತು. ಆ ಕೈಯನ್ನು ನೋಡಿದೊಡನೆ ನೇಕಾರನಿಗೆ ತಿಳಿಯಿತು. ಎಂಟು ದಿನದ ಹಿಂದೆ ಅವನ ಕೈಯೂ ಅಲ್ಲೇ ಇತ್ತು.

"ಸಿಸ್ಟರ್, ಇವರನ್ನ ಯಾಕ ಇಲ್ಲೇ ಮಲಗಿಸೀರಿ?" ಎಂದು ಕೇಳಿದ.

"ಇಂಜೆಕ್ಷನ್ ಕೊಟ್ಟೇವಿ, ನೋವು ಇಳದೈತಿ. ಆದ್ರ ಇನ್ನೂ ಒಂದಿನ ಎದಿಬಡಿತದ ಮ್ಯಾಲೆ ಕಣ್ಣಿಟ್ಟಿರಬೇಕು. ಅದು ಮ್ಯಾಲಿನ ವಾರ್ಡಿನಾಗ ಆಗೂದು. ಇಲ್ಲಿ ನಾವು ಇಬ್ಬರು, ಮಂದಿ ನಲವತ್ತು. ಚೀಟಿ ಮುಂಜಾನೇನ ಮ್ಯಾಲೆ ಹೋಗೇತಿ, ಮನಷ್ಯಾ ಇಲ್ಲೇ ಅದಾನ. ಆರನೇ ಬೆಡ್ಡಿನವರು ಇವತ್ತ ಹೋಗಬೇಕಿತ್ತು, ಅಮಾಸಿ ಅಂತ ಕುಂತಾರಂತ."

ನೇಕಾರ ಚಹಾ ಕುಡಿಯಲಿಲ್ಲ. ತಾನು ಬಂದ ದಿನ ಮೇಲೆ ಹಾಸಿಗೆ ಖಾಲಿ ಇತ್ತು. ಅದು ತನ್ನ ಪುಣ್ಯ ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡಿದ್ದ. ಅದರಿಂದ ಎದ್ದು ಹೋದವರು ಯಾರು, ಯಾವ ತಿಥಿಯಲ್ಲಿ ಹೋದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಎರಡನ್ನೂ ಹೊತ್ತುಕೊಂಡೇ ಮೆಟ್ಟಿಲು ಹತ್ತಿದ.

ಹೆಂಡತಿ ಅತ್ತಳು, ಬೈದಳು, ರಾಹುಕಾಲವಾದರೂ ಕಳೆಯಲಿ ಎಂದಳು. ಅವನು ಹೊದಿಕೆ ಮಡಚಿಟ್ಟು ಹೊರಟೇಬಿಟ್ಟ. ಹೊರಗೆ ಬಂದರೂ ಊರಿನ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಆಸ್ಪತ್ರೆಯ ಮುಂದಿನ ಬೇವಿನ ಮರದ ಕೆಳಗೆ ಗಂಡಹೆಂಡತಿ ಕುಳಿತರು.

ದೀಪ ಹಚ್ಚುವ ಹೊತ್ತಿಗೆ ಮೇಲಿನ ವಾರ್ಡಿನ ನರ್ಸ್ ಕೆಲಸ ಮುಗಿಸಿ ಹೊರಬಂದಳು. ಅವನನ್ನು ಕಂಡು ನಿಂತಳು. ವ್ಯಾಪಾರಿ ಮೇಲೆ ಬಂದು ತಾಸು ಕಳೆಯುವಷ್ಟರಲ್ಲಿ ಅವನ ಎದೆಬಡಿತ ತಪ್ಪಿತ್ತಂತೆ. ಯಂತ್ರ ಕೂಗಿದಾಗ ಅವಳು ಎರಡೇ ಹೆಜ್ಜೆ ದೂರದಲ್ಲಿದ್ದಳು. ಡಾಕ್ಟರು ಓಡಿಬಂದರು, ಬಡಿತ ಮರಳಿತು. ಈಗ ಕಣ್ಣು ಬಿಟ್ಟು ಚಹಾ ಬೇಕು ಎನ್ನುತ್ತಿದ್ದಾನೆ. ಕೆಳಗಿನ ಗದ್ದಲದಲ್ಲಿ ಯಾರ ಗಮನಕ್ಕೆ ಬರುತ್ತಿತ್ತೋ ಇಲ್ಲವೋ ಎಂದಳು.

ನೇಕಾರ ಕಣ್ಣೀರು ಹಾಕಿದ. ಒಂಬತ್ತು ದಿನಗಳಲ್ಲಿ ಮೊದಲ ಸಲ ಅವನ ಎದೆ ಹಗುರವಾಯಿತು, ಹೊಟ್ಟೆಯೂ ಹಸಿಯಿತು. ಹೆಂಡತಿ ರೊಟ್ಟಿಯ ಬುತ್ತಿ ಬಿಚ್ಚಿದಳು.

"ಅಮಾಸಿ ಚಲೋ ಇತ್ತು ತಗೋರಿ" ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವ್ಯಾಪಾರಿ ಉಳಿದದ್ದಕ್ಕೆ ಗುರುಶಾಂತನಿಗೂ ನೆಮ್ಮದಿಯಾಗಿತ್ತು. ನೇಕಾರನನ್ನು ನೆನೆದು ನಗುತ್ತಲೇ ಎದ್ದು ನಮಸ್ಕರಿಸಿ, ತನ್ನ ಕೋಣೆಯತ್ತ ನಡೆದ. ಅವನ ಕೈ ಚಿಲಕದ ಮೇಲಿದ್ದಾಗ ಗುರುಗಳು ಹಿಂದಿನಿಂದ ಕೇಳಿದರು:

"ಓದಾಕ ಬಂದವರೊಬ್ಬರು ಮೂರು ದಿನದಿಂದ ಮಠದ ಕಟ್ಟೀ ಮ್ಯಾಲೆ ಮಲಗಾಕತ್ತಾರ, ನೋಡಿಯೇನಪಾ?"